ತವರಿನ ಹೆಸರಿನಲ್ಲಿದ್ದ ವಿಳಾಸ

ಬೈಲಹೊಂಗಲದಲ್ಲಿ ನಮ್ಮಪ್ಪನ ಕಾರ್ಖಾನೆಗೆ ಬಾಗಿಲೇ ಇರಲಿಲ್ಲ. ಮೂರು ಕಡೆ ಗೋಡೆ, ಮೇಲೆ ತಗಡು, ನಾಲ್ಕನೆಯ ಕಡೆ ರಸ್ತೆ. ಅಲ್ಲಿ ಬಿತ್ತನೆಯ ಕೂರಿಗೆಗಳು ತಯಾರಾಗುತ್ತಿದ್ದವು. ಅಜ್ಜನ ಕಾಲದಲ್ಲಿ ಜಾಲಿ ಕಟ್ಟಿಗೆಯ ಎತ್ತಿನ ಕೂರಿಗೆ, ಅಪ್ಪನ ಕಾಲಕ್ಕೆ ಟ್ರ್ಯಾಕ್ಟರಿಗೆ ಕಟ್ಟುವ ಕಬ್ಬಿಣದ ಕೂರಿಗೆ. ಹಸಿ ಬಣ್ಣದ ವಾಸನೆ ಎಲ್ಲಾದರೂ ಮೂಗಿಗೆ ಬಡಿದರೆ ನನಗೆ ಈಗಲೂ ಹಸಿವಾಗುತ್ತದೆ. ಅಪ್ಪ ಆ ಬಣ್ಣದ ಡಬ್ಬಿಗಳ ನಡುವೆಯೇ ಕೂತು ರೊಟ್ಟಿಯ ಬುತ್ತಿ ಬಿಚ್ಚುತ್ತಿದ್ದ, ನಾನು ಶಾಲೆ ಬಿಟ್ಟವಳೇ ನೇರ ಆ ಬುತ್ತಿಗೆ ಕೈ ಹಾಕುತ್ತಿದ್ದೆ. ವೆಲ್ಡಿಂಗಿನ ಕಿಡಿ ನೋಡಬೇಡ, ಕಣ್ಣು ಹೋಗುತ್ತವೆ ಎಂದು ಬೈಯುತ್ತಲೇ ಅವನು ನನಗೆ ಶೇಂಗಾ ಚಟ್ನಿ ಬಡಿಸುತ್ತಿದ್ದ.

ಕೂರಿಗೆ ಪೂರ್ತಿಯಾದ ಮೇಲೆ ಕೊನೆಯ ಕೆಲಸ ಹೆಸರು ಬರೆಯುವುದು. ನಮ್ಮ ಮನೆತನದ ಹೆಸರೇ ಕಂಪನಿಯ ಹೆಸರು. ಬೀಜದ ಪೆಟ್ಟಿಗೆಯ ಮೇಲೆ ಹಳದಿ ಬಣ್ಣದಲ್ಲಿ ಅದನ್ನು ಅಪ್ಪನೇ ಬರೆಯಬೇಕು, ಕೆಲಸದವರಿಗೆ ಬಿಡುತ್ತಿರಲಿಲ್ಲ. ಒಮ್ಮೆ ಕಿತ್ತೂರಿನ ಸಂತೆಯಲ್ಲಿ ಯಾರೋ ತೆಳ್ಳನೆಯ ತಗಡಿನ ಕೂರಿಗೆಗೆ ನಮ್ಮದೇ ಹೆಸರು ಬರೆದು ಮಾರುತ್ತಿದ್ದಾರೆಂದು ಸುದ್ದಿ ಬಂತು. ಅಪ್ಪ ಹೋದ, ಜಗಳವಾಡಲಿಲ್ಲ, ಸುತ್ತ ಕೂಡಿದ ರೈತರಿಗೆ ಅಕ್ಷರ ತೋರಿಸಿದ. "ನೋಡ್ರಿ, ಈ ಅಕ್ಷರಕ್ಕ ಕಾಲಿಲ್ಲ ಕೈಯಿಲ್ಲ. ಇದು ನಮ್ಮದಲ್ಲ." ಮನೆಗೆ ಬಂದ ಮೇಲೆ ಮಾತ್ರ ಅವನಿಗೆ ಊಟ ಸೇರಲಿಲ್ಲ. "ಕೂರಿಗಿ ಮುರದ್ರ ಬೆಸಗಿ ಹಾಕಬಹುದು, ಹೆಸರ ಮುರದ್ರ ಏನ ಹಾಕೂದು?" ಎಂದು ಅವ್ವನ ಮುಂದೆ ಗೊಣಗುತ್ತ ಕೂತಿದ್ದ.

ಹೀಗಾಗಿ ನಾನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಗ ಕಂಪನಿಗೊಂದು ವೆಬ್‌ಸೈಟ್ ಮಾಡೋಣ ಎಂದದ್ದೇ ತಡ, ಅಪ್ಪ ಅಂಗಿ ಬದಲಿಸಿಕೊಂಡು ಹೊರಟುಬಿಟ್ಟ. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಕಂಪ್ಯೂಟರ್ ಅಂಗಡಿಯಿತ್ತು. ಅಲ್ಲಿ ಇಬ್ಬರೂ ಒಂದೇ ಸ್ಟೂಲಿನ ಮೇಲೆ ಅರ್ಧರ್ಧ ಕೂತೆವು. ವೆಬ್‌ಸೈಟಿಗೆ ಮೊದಲು ಒಂದು ವಿಳಾಸ ಕೊಳ್ಳಬೇಕು, ಅದಕ್ಕೆ ಡೊಮೇನ್ ಅನ್ನುತ್ತಾರೆ, ನಮ್ಮ ಹೆಸರಿನ ಡೊಮೇನ್ ನಾವು ತೆಗೆದುಕೊಂಡರೆ ಜಗತ್ತಿನಲ್ಲಿ ಬೇರೆ ಯಾರಿಗೂ ಅದು ಸಿಗುವುದಿಲ್ಲ ಎಂದು ವಿವರಿಸಿದೆ. ಆದರೆ ವರ್ಷ ವರ್ಷ ಹಣ ಕಟ್ಟುತ್ತಿರಬೇಕು ಎಂದಾಗ ಅಪ್ಪನ ಮುಖ ಗಂಟಾಯಿತು.

"ನಮ್ಮ ಹೆಸರಿಗಿ ನಾವ ಬಾಡಿಗಿ ಕಟ್ಟೂದೇನ? ಯಾವ ನ್ಯಾಯವಾ ಇದು?"

"ಹಂಗ ಐತಿ ಅಪ್ಪಾ."

"ಕಟ್ಟಲಿಲ್ಲಂದ್ರ?"

"ಮನಿ ಖಾಲಿ ಮಾಡಬೇಕು. ಬ್ಯಾರೇದವ್ರು ಬಂದು ಇರತಾರ."

ಅಪ್ಪ ಗಾಬರಿಯಾಗಿ, ಹಾಗಾದರೆ ಕೆಲವು ವರ್ಷದ್ದು ಒಟ್ಟಿಗೇ ಕಟ್ಟಿಬಿಡು ಎಂದ. ಮುಂದಿನದು ನನ್ನ ಬ್ಯಾಂಕಿನ ಕಾರ್ಡಿನಿಂದ ತಾನಾಗಿ ಹೋಗುವ ಹಾಗೆಯೂ ಮಾಡಿಸಿದೆವು. ಮಾಲೀಕರು ಯಾರು ಎಂದು ಕಂಪ್ಯೂಟರ್ ಕೇಳಿತು. ಅಪ್ಪನಿಗೆ ಆಗ ಇಮೇಲ್ ಇರಲಿಲ್ಲ, ಇದ್ದದ್ದು ನನಗೆ. ನನ್ನ ಹೆಸರು, ನನ್ನ ಇಮೇಲ್, ನನ್ನ ಮೊಬೈಲ್ ನಂಬರ್ ತುಂಬಿದೆ. ಅಪ್ಪನಿಗೆ ಎಲ್ಲಿಲ್ಲದ ಖುಷಿ. "ನಿನ್ನ ಹೆಸರ ಮ್ಯಾಲೆ ಇರಲಿ. ಮಗಳ ಹೆಸರಿಗಿ ಮಾಡಿದ್ದು ಕೆಡೂದಿಲ್ಲ" ಅಂದ. ಬರುವಾಗ ಹೋಟೆಲಿನಲ್ಲಿ ನನಗೆ ಮಿರ್ಚಿ ಭಜಿ ಕೊಡಿಸಿದ, ತಾನೂ ತಿಂದ, ಪಕ್ಕದ ಮೇಜಿನವರಿಗೆ ಕೇಳುವಂತೆ ಮಗಳು ಜಗತ್ತಿನಲ್ಲೇ ಹೆಸರು ಬರೆಸಿದಳು ಎಂದು ಎರಡೆರಡು ಸಲ ಹೇಳಿದ. ನನಗೆ ನಾಚಿಕೆಯಾಗಿ ಮೆಣಸಿನಕಾಯಿಯ ಖಾರ ಎಂದು ನೆಪ ಮಾಡಿ ನೀರು ಕುಡಿದೆ.

ಮುಂದೆ ಸವದತ್ತಿ ತಾಲೂಕಿನ ಉಗರಗೋಳಕ್ಕೆ ನನ್ನನ್ನು ಕೊಟ್ಟರು. ನಮ್ಮ ಕಡೆ ಅನೇಕ ಮನೆಗಳಲ್ಲಿ ಮದುವೆಯ ದಿನ ಸೊಸೆಯ ಹೆಸರು ಬದಲಿಸುತ್ತಾರೆ. ತಾಟಿನಲ್ಲಿ ಅಕ್ಕಿ ಹರವಿ, ಗಂಡನ ಕೈಗೆ ಉಂಗುರ ಕೊಟ್ಟು, ಅಕ್ಕಿಯ ಮೇಲೆ ಹೊಸ ಹೆಸರು ಬರೆಸುತ್ತಾರೆ. ಹೆಸರು ಆರಿಸಿದವರು ನಮ್ಮ ಅತ್ತೆ. ಬರೆದದ್ದಾಯಿತು, ಎಲ್ಲರ ಬಾಯಿಗೂ ಸಕ್ಕರೆ ಬಿತ್ತು, ನನ್ನ ಬಾಯಿಗೂ ಬಿತ್ತು. ಇದು ನಮ್ಮಲ್ಲಿ ಯಾರಿಗೂ ವಿಚಿತ್ರವಲ್ಲ. ಅವ್ವನಿಗೂ ಹೀಗೆಯೇ ಆಗಿತ್ತು, ಅತ್ತೆಗೂ ಆಗಿತ್ತು. ಗಂಡನ ಮನೆಯವರು ಹೊಸ ಫೋನ್ ಕೊಟ್ಟರು, ಅದರಲ್ಲಿ ಹೊಸ ನಂಬರ್. ಹಳೆಯ ಫೋನು ಅವ್ವನ ಕಪಾಟಿನಲ್ಲಿ ಉಳಿಯಿತು. ಆಧಾರ್, ಬ್ಯಾಂಕು, ರೇಷನ್ ಕಾರ್ಡು ಎಲ್ಲ ಒಂದೊಂದಾಗಿ ಹೊಸ ಹೆಸರಿಗೆ ಬಂದವು. ತವರಿಗೆ ಹೋದಾಗ ಮಾತ್ರ ಹಳೆಯ ಹೆಸರು ಕೇಳಿಬರುತ್ತಿತ್ತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುವ ಗಾದೆಯನ್ನು ಯಾರಾದರೂ ಆಡಿದರೆ ಆಗ ನನಗೆ ನಗು ಬರುತ್ತಿತ್ತು. ಹೊರಗೆಲ್ಲಿ, ಬೈಲಹೊಂಗಲದಿಂದ ಮುರಗೋಡದ ಮೇಲೆ ಹಾದು ಬಂದರೆ ಮಧ್ಯಾಹ್ನದ ಊಟಕ್ಕೆ ಉಗರಗೋಳ.

ಉಗರಗೋಳದಲ್ಲಿ ನಮ್ಮದು ಎಲ್ಲವ್ವನ ಗುಡ್ಡಕ್ಕೆ ಹೋಗುವ ಭಕ್ತರಿಗೆ ಕಾಯಿ, ಕುಂಕುಮ, ಭಂಡಾರದ ಅರಿಶಿನ, ಬಳೆ ಮಾರುವ ಅಂಗಡಿ. ಅತ್ತೆ ಗಲ್ಲೆಯ ಮೇಲೆ ಹಣ ನೋಡುತ್ತ, ನಾನು ಬಳೆಯ ಕಡೆ. ಅವರ ಬಾಯಿ ಜೋರು. ನನ್ನದೂ ಕಡಿಮೆಯಲ್ಲ. ಮೊದಲ ವರ್ಷ ಇಬ್ಬರೂ ಒಬ್ಬರಿಗೊಬ್ಬರು ಕೇಳುವಂತೆ ಗಿರಾಕಿಗಳ ಮುಂದೆ ಮಾತನಾಡಿಕೊಂಡೆವು. ಆಮೇಲೆ ಹೊಂದಿಕೊಂಡೆವು, ಯಾವಾಗ ಎಂದು ನನಗೂ ನೆನಪಿಲ್ಲ.

ಇತ್ತೀಚೆಗೆ, ಹಿಂಗಾರಿ ಬಿತ್ತನೆಗೆ ಇನ್ನೂ ಸ್ವಲ್ಪ ಸಮಯವಿರುವಾಗ, ಒಂದು ಮಧ್ಯಾಹ್ನ ಅಪ್ಪನ ಫೋನ್ ಬಂತು.

"ಯವ್ವಾ, ರಾಮದುರ್ಗದಾಂವ ಒಬ್ಬಾಂವ ಹೇಳಿದಾ. ನಮ್ಮ ವೆಬ್‌ಸೈಟ್ ತಗದ್ರ ಚಪ್ಪಲ್ ಬರಾಕತ್ತಾವಂತ."

ತೆಗೆದು ನೋಡಿದೆ. ಕೂರಿಗೆಯ ಚಿತ್ರಗಳಿದ್ದಲ್ಲಿ ಬಣ್ಣ ಬಣ್ಣದ ಚಪ್ಪಲಿಗಳ ಜಾಹೀರಾತು. ಕಟ್ಟಿದ್ದ ವರ್ಷಗಳು ಮುಗಿದಿದ್ದವು. ತಾನಾಗಿ ಹಣ ಹೋಗಬೇಕಿದ್ದ ಕಾರ್ಡು, ಬ್ಯಾಂಕಿನಲ್ಲಿ ಹೆಸರು ಬದಲಿಸಿದಾಗಲೇ ರದ್ದಾಗಿತ್ತು. ಎಚ್ಚರಿಕೆಯ ಮೇಲ್‌ಗಳು ಬಂದಿರಲೇಬೇಕು, ಆದರೆ ಅವು ಹೋದದ್ದು ನಾನು ತೆರೆದು ನೋಡದ ಹಳೆಯ ಇಮೇಲಿಗೆ. ಮಾಲೀಕರಿಗೆ ಇನ್ನೂ ಸ್ವಲ್ಪ ಗಡುವು ಕೊಡುತ್ತಾರೆ, ಅದು ಮುಗಿದರೆ ಹೆಸರು ಸಂತೆಗೆ ಬೀಳುತ್ತದೆ, ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಬಿಜಾಪುರ, ಸೋಲಾಪುರದ ಕಡೆಯ ರೈತರು ಅಪ್ಪನ ಮುಖ ಕಂಡವರಲ್ಲ. ಆ ವಿಳಾಸ ನೋಡಿಯೇ ಮುಂಗಡ ಕಳಿಸುವವರು. ನಾಳೆ ಯಾವನೋ ಅದೇ ವಿಳಾಸದಲ್ಲಿ ಕೂರಿಗೆಯ ಚಿತ್ರ ಹಾಕಿ ಅವರಿಂದ ಹಣ ಎತ್ತಿದರೆ ಶಾಪ ಯಾರಿಗೆ? ಕಿತ್ತೂರಿನ ಸಂತೆಯಲ್ಲಾದರೆ ಅಪ್ಪ ಹೋಗಿ ಅಕ್ಷರ ತೋರಿಸಿದ್ದ. ಇಲ್ಲಿ ಎಲ್ಲಿಗೆ ಹೋಗಿ ಯಾರಿಗೆ ತೋರಿಸುವುದು? ಅಪ್ಪ ಸಣ್ಣ ದನಿಯಲ್ಲಿ "ನೋಡವಾ" ಎಂದಷ್ಟೇ ಅಂದ.

ಡೊಮೇನ್ ಮಾರುವ ಕಂಪನಿಗೆ ಫೋನ್ ಹಚ್ಚಿದೆ. ಹಿಂದಿಯಲ್ಲಿ ಒಬ್ಬ ಹುಡುಗಿ ಬಹಳ ಮರ್ಯಾದೆಯಿಂದ ಮಾತನಾಡಿದಳು. ಮಾಲೀಕರನ್ನು ಫೋನಿಗೆ ಕರೆಯಿರಿ ಅಂದಳು. ನಾನೇ ಅಂದೆ. ಹಾಗಾದರೆ ನಿಮ್ಮ ಗುರುತಿನ ಚೀಟಿ ಕಳಿಸಿ ಅಂದಳು. ಕಳಿಸಿದೆ. ಇದು ಬೇರೆಯವರದು, ಮಾಲೀಕರದು ಬೇಕು ಅಂದಳು. ಆ ಮಾಲೀಕಳೂ ನಾನೇ, ಮದುವೆಯಲ್ಲಿ ಹೆಸರು ಬದಲಾಗಿದೆ ಅಂದೆ. ಹಾಗಿದ್ದರೆ ಬದಲಾದದ್ದಕ್ಕೆ ಸರ್ಕಾರದ ಪತ್ರ ಕೊಡಿ ಅಂದಳು. ಆ ಪತ್ರ ಮಾಡಿಸುವಷ್ಟರಲ್ಲಿ ಗಡುವು ಮುಗಿಯುತ್ತಿತ್ತು. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು. ಸಿಟ್ಟು ನೆತ್ತಿಗೇರಿ, "ಆಕಿ ಸತ್ತಳಂತ ಬರಕೋರಿ" ಎಂದು ಕನ್ನಡದಲ್ಲೇ ಒದರಿದೆ. "ಜೀ?" ಅಂದಳು. ಪಾಪ, ಅವಳ ತಪ್ಪೇನಿತ್ತು. ಕೊನೆಗೆ ಅವಳೇ ಒಂದು ದಾರಿ ಹೇಳಿದಳು. ಹಳೆಯ ಇಮೇಲ್ ತೆರೆದರೆ ಸಾಕು, ಉಳಿದದ್ದೆಲ್ಲ ಅಲ್ಲಿಂದಲೇ ಆಗುತ್ತದೆ.

ಹಳೆಯ ಇಮೇಲಿನ ಪಾಸ್‌ವರ್ಡ್ ನೆನಪಿರಲಿಲ್ಲ. ಮರೆತಿದ್ದೇನೆ ಎಂದು ಒತ್ತಿದರೆ, ನಿಮ್ಮ ಮೊಬೈಲಿಗೆ ಓಟಿಪಿ ಕಳಿಸುತ್ತೇವೆ ಎಂದಿತು. ಯಾವ ಮೊಬೈಲಿಗೆ? ಅವ್ವನ ಕಪಾಟಿನಲ್ಲಿ ಬಿದ್ದು, ರೀಚಾರ್ಜ್ ಇಲ್ಲದೆ ಎಂದೋ ಸತ್ತ ನಂಬರಿಗೆ. ಸುಮ್ಮನೆ ನೋಡೋಣವೆಂದು ಆ ನಂಬರಿಗೆ ಫೋನ್ ಹಚ್ಚಿದೆ. ರಿಂಗಾಯಿತು! ಸಿಮ್ ಕಂಪನಿಯವರು ಅದನ್ನು ಬೇರೆಯವರಿಗೆ ಕೊಟ್ಟುಬಿಟ್ಟಿದ್ದರು. ಒಬ್ಬ ಹೆಣ್ಣುಮಗಳು ಎತ್ತಿದಳು, ಹಿಂದೆ ಕೋಳಿ ಕೂಗುತ್ತಿತ್ತು.

"ಅಕ್ಕಾರ, ಈಗ ನಿಮ್ಮ ಫೋನಿಗಿ ಒಂದು ನಂಬರ ಬರತೈತ್ರಿ, ಅದನ್ನ ನನಗ..."

"ಓಟಿಪಿ ಅಲ್ಲೇನು? ಹೇಳಂಗಿಲ್ಲ. ಟೀವ್ಯಾಗ ಹೇಳ್ಯಾರ."

ಕಟ್. ಮತ್ತೆ ಹಚ್ಚಿದೆ. ಪೊಲೀಸರಿಗೆ ಹೇಳುತ್ತೇನೆ ಅಂದಳು, ಮತ್ತೆ ಕಟ್. ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗೆ. ನಾನು ಹಲ್ಲು ಕಡಿಯುತ್ತಿರುವುದನ್ನು ಅತ್ತೆ ಗಲ್ಲೆಯಿಂದಲೇ ನೋಡುತ್ತಿದ್ದರು. ಏನೆಂದು ಕೇಳಿದರು. ಹೇಳಿದೆ. ಇಂಟರ್ನೆಟ್ಟಿನ ಭಾಗ ಅವರಿಗೆ ಬೇಕಿರಲಿಲ್ಲ. ಬೀಗರ ಹೆಸರು ಹರಾಜಿಗೆ ಬಿದ್ದಿದೆ, ಅದರ ಕೀಲಿ ಹಳೆಯ ಹೆಸರಿನವಳ ಕೈಯಲ್ಲಿದೆ ಎಂಬಷ್ಟು ತಿಳಿಯಿತು. ಫೋನ್ ಇಸಿದುಕೊಂಡು ತಾವೇ ಹಚ್ಚಿದರು.

"ತಂಗೀ, ಯಾವೂರವಾ ನಿಂದು? ... ಕಟಕೋಳ? ಬಾಳ ಚಲೋ ಆತು. ನಾವು ಉಗರಗೋಳದಾವ್ರು, ಎಲ್ಲವ್ವನ ಗುಡ್ಡದ ಬಾಜೂಕ ಅಂಗಡಿ ಐತಿ. ಫೋನಿನ್ಯಾಗ ಏನೂ ಹೇಳಬ್ಯಾಡ. ನಾಳಿ ನಾವ ನಿಮ್ಮ ಮನಿಗಿ ಬರತೇವಿ. ಮಾರಿ ನೋಡು, ಖರೇ ಅನಸಿದ್ರ ಹೇಳು, ಇಲ್ಲಂದ್ರ ಚಹಾ ಕುಡದ ಎದ್ದ ಹೋಗತೇವಿ."

ಆ ಕಡೆಯವಳು, "ಬರ್ರಿ ಹಂಗಾರ" ಅಂದಳು. ನೀವೇಕೆ ಅಷ್ಟು ದೂರ ಬರುತ್ತೀರಿ, ನಾವಿಬ್ಬರೇ ಹೋಗಿ ಬರುತ್ತೇವೆ ಎಂದು ನನ್ನ ಗಂಡ ಹೇಳಿ ನೋಡಿದ. "ಹೆಸರ ಬದಲ ಮಾಡಿದಾಕಿ ನಾನು. ನಾನ ಬರಬೇಕಲ್ಲ" ಎಂದರು ಅತ್ತೆ.

ಮರುದಿನ ಮೂವರೂ ಅಂಗಡಿಯ ವ್ಯಾನಿನಲ್ಲಿ ಮುನವಳ್ಳಿ, ಯರಗಟ್ಟಿ ದಾಟಿ ಕಟಕೋಳಕ್ಕೆ ಹೋದೆವು. ಅಂಗಳದ ತುಂಬ ಶೇಂಗಾ ಒಣಗಲು ಹಾಕಿದ್ದರು. ಆ ಹೆಣ್ಣುಮಗಳು ನನಗಿಂತ ನಾಲ್ಕಾರು ವರ್ಷ ಚಿಕ್ಕವಳು, ಹೊಲದ ಕೆಲಸದಲ್ಲಿ ಗಟ್ಟಿಯಾದ ಮೈ, ಮುಖದಲ್ಲಿ ಒಂದಿಷ್ಟೂ ಅಂಜಿಕೆಯಿಲ್ಲ. ಕಟ್ಟೆಯ ಮೇಲೆ ಚಾಪೆ ಹಾಸಿ, "ಕುಂದರ್ರಿ" ಎಂದಳು. ನೀರು ಕೊಟ್ಟಳು. ಫೋನನ್ನು ಮಾತ್ರ ಸೊಂಟದಿಂದ ತೆಗೆಯಲಿಲ್ಲ.

"ಈ ನಂಬರ ತಗೊಂಡಾಗಿಂದ ಯಾರೋ ಒಬ್ಬಾಕಿನ್ನ ಕೇಳಿ ಫೋನ್ ಬರತಾವು" ಅಂದಳು. "ಕಾಲೇಜಿನ ಗೆಳತ್ಯಾರಂತ, ಬ್ಯಾಂಕಿನವ್ರಂತ. ಒಬ್ಬಾಕಿ ಕೂಸ ಹುಟ್ಟೈತೆಂತ ಹೇಳಿ ಅತ್ತಾಳ. ರಾಂಗ್ ನಂಬರ್ ಅಂತ ಹೇಳಿ ಹೇಳಿ ನನಗ ಸಾಕಾಗೈತಿ. ನೀನ ಆಕಿ ಆಗಿದ್ರ, ಅವ್ರು ಯಾರನ್ನ ಕೇಳತಾರ ಹೇಳು ನೋಡೂಣು."

ಪಕ್ಕದಲ್ಲಿ ಅತ್ತೆ ಕೂತಿದ್ದರು. ಮದುವೆಯಾದ ಮೇಲೆ ಅವರೆದುರು ಆ ಹೆಸರನ್ನು ನಾನು ಒಮ್ಮೆಯೂ ಬಾಯಿಂದ ತೆಗೆದಿರಲಿಲ್ಲ. ಬೇಡ ಎಂದು ಅವರೇನೂ ಹೇಳಿರಲಿಲ್ಲ, ನಾನೇ ತೆಗೆದಿರಲಿಲ್ಲ. ಈಗ ಅವರೆದುರೇ ಆ ಹೆಸರು ಹೇಳಿದೆ.

ಕಟಕೋಳದವಳು ಕೈ ತಟ್ಟಿ ನಕ್ಕಳು. "ಹೌದವಾ, ನೀನ ಆಕಿ!" ಎಂದು ಆ ಹೆಸರು ಹಿಡಿದೇ ನನ್ನನ್ನು ಒಳಗೆ ಕರೆದಳು. ಎಂದೂ ಕಾಣದವಳ ಬಾಯಿಂದ, ಅದೂ ಎಷ್ಟೋ ವರ್ಷದಿಂದ ಬಾಯಿಪಾಠವಾದಂತೆ, ನನ್ನ ಹೆಸರು ಬಂದಾಗ ಕಣ್ಣು ತುಂಬಿಬಿಟ್ಟವು. ಸೆರಗಿನಿಂದ ಒರೆಸಿಕೊಂಡೆ, ಮುಚ್ಚಿಡಲಿಲ್ಲ. ಯಾವ ಗೆಳತಿಗೆ ಕೂಸು ಹುಟ್ಟಿತ್ತೋ, ಅವಳು ನನಗೆ ಹೇಳಲೆಂದು ಹಚ್ಚಿದ ಫೋನಿಗೆ ಇವಳು ಉತ್ತರ ಕೊಟ್ಟಿದ್ದಳು. ನನಗದು ಇಂದಿಗೂ ಸಂಕಟ.

ಓಟಿಪಿ ಬಂತು. ಒಂದೊಂದೇ ಅಂಕಿಯನ್ನು ಬಿಡಿಸಿ ಓದಿದಳು. ಹಳೆಯ ಇಮೇಲ್ ತೆರೆಯಿತು. ಡೊಮೇನ್ ಕಂಪನಿಯ ಎಚ್ಚರಿಕೆಗಳು ಒಂದರ ಕೆಳಗೊಂದು ಬಿದ್ದಿದ್ದವು, ಎಲ್ಲವೂ ನನ್ನ ಹಳೆಯ ಹೆಸರಿಗೆ ಪ್ರಿಯ ಎಂದು ಸೇರಿಸಿ ಬರೆದವು. ಗಡುವು ಇನ್ನೂ ಉಳಿದಿತ್ತು. ಅಲ್ಲೇ ಕಟ್ಟೆಯ ಮೇಲೆ, ನೆಟ್‌ವರ್ಕಿಗಾಗಿ ಫೋನನ್ನು ಒಮ್ಮೆ ಬೇವಿನ ಮರದ ಕಡೆ, ಒಮ್ಮೆ ದನದ ಕೊಟ್ಟಿಗೆಯ ಕಡೆ ಹಿಡಿದು ಹಣ ಕಟ್ಟಿದೆ. ಅತ್ತೆ ಅಷ್ಟರಲ್ಲಿ ಆ ಮನೆಯ ಹಸು ಎಷ್ಟು ಹಾಲು ಕೊಡುತ್ತದೆ, ನಾದಿನಿಯನ್ನು ಎಲ್ಲಿಗೆ ಕೊಟ್ಟಿದ್ದಾರೆ ಎಲ್ಲ ವಿಚಾರಿಸಿ ಮುಗಿಸಿದ್ದರು. ಚುರುಮುರಿಯ ಸೂಸಲಾ, ಚಹಾ ಬಂತು. ನಾವು ತಿನ್ನುತ್ತಿರುವಾಗಲೇ ಅಪ್ಪನ ಫೋನ್.

"ಬಂತವಾ! ಕೂರಿಗಿ ಬಂತು. ಚಪ್ಪಲ್ ಹ್ವಾದ್ವು."

ಹೊರಡುವಾಗ ಆ ಹೆಣ್ಣುಮಗಳು ನಮ್ಮಿಬ್ಬರಿಗೂ ಉಡಿ ತುಂಬಿದಳು. ತುಂಬುತ್ತ ಅತ್ತೆಯನ್ನು ಕೇಳಿದಳು, "ನಿಮ್ಮ ತವರಿನ ಹೆಸರೇನ್ರಿ ಯವ್ವಾ?"

"ಯಾವ ಕಾಲದ್ದವಾ ಅದು" ಎಂದು ಅತ್ತೆ ನಕ್ಕು, ಚಪ್ಪಲಿ ಮೆಟ್ಟಿಕೊಂಡು ವ್ಯಾನಿನ ಕಡೆ ನಡೆದರು.

ಮುಂದೆ ಹೀಗಾಗದಂತೆ ಬಂದೋಬಸ್ತು ಮಾಡಬೇಕಿತ್ತು. ಡೊಮೇನ್ ಕಂಪನಿಯ ಹುಡುಗಿ ಈಗ ಬಹಳ ಅಕ್ಕರೆಯಿಂದ ತಿಳಿಸಿ ಹೇಳಿದಳು. ಡೊಮೇನನ್ನು ಯಾರೋ ಒಬ್ಬರ ಹೆಸರಿನಲ್ಲಿ ಇಡಬೇಡಿ, ಕಂಪನಿಯ ಹೆಸರಿಗೇ ಮಾಡಿ. ಕಂಪನಿಯದೇ ಇಮೇಲ್ ಕೊಡಿ, ಅದನ್ನು ಇಬ್ಬರು ನೋಡುವಂತಿರಲಿ. ಯಾರೂ ಬೇರೆ ಕಡೆ ಒಯ್ಯದ ಹಾಗೆ ಬೀಗ ಹಾಕಿಡಿ. ಅಪ್ಪನಿಗೆ ಹೇಳಿದರೆ ಅವನು ಒಪ್ಪಲಿಲ್ಲ. "ನಿನ್ನ ಹೆಸರ ಮ್ಯಾಲೆ ಇರಲಿ ಅಂದಿದ್ನಲ್ಲ" ಎಂದು ಹಟ ಹಿಡಿದ. ನನಗೂ ಒಪ್ಪಲು ಮನಸ್ಸಿರಲಿಲ್ಲ. ಬೇರೆ ಎಲ್ಲ ಕಡೆ ಬದಲಾಗಿ, ಆ ಹಳೆಯ ಹೆಸರಿನ ಹುಡುಗಿಗೆ ಜಗತ್ತಿನಲ್ಲಿ ಅದೊಂದೇ ಆಸ್ತಿ ಉಳಿದಿತ್ತು. ಅದನ್ನೂ ನನ್ನ ಕೈಯಾರೆ ಅಳಿಸಬೇಕೆಂದರೆ ಜೀವ ಒಪ್ಪುತ್ತಿರಲಿಲ್ಲ. ಆದರೆ ಅಪ್ಪನ ಹೆಸರು ಉಳಿಯಬೇಕಾದರೆ ನನ್ನದು ಹೋಗಬೇಕಿತ್ತು. ಅಪ್ಪನ ಮೇಲೆ ಸಿಟ್ಟು ಮಾಡಿ, ಒಪ್ಪಿಸಿದೆ.

ಮಂಗಳವಾರ, ಶುಕ್ರವಾರದ ಗದ್ದಲವಿಲ್ಲದ ದಿನ ನೋಡಿ ಅಂಗಡಿಯಲ್ಲೇ ಕೂತು ಮಾಲೀಕರ ಹೆಸರು ತಿದ್ದಿದೆ. ಅತ್ತೆ ಎದುರಿಗೆ ಭಂಡಾರದ ಪೊಟ್ಟಣ ಕಟ್ಟುತ್ತಿದ್ದರು. ತಿದ್ದಿದರೆ ಮುಗಿಯಿತು ಎಂದುಕೊಂಡಿದ್ದೆ, ಮುಗಿಯಲಿಲ್ಲ. ಹಳೆಯ ಇಮೇಲಿಗೆ ಒಂದು ಮೇಲ್ ಬಂತು. ನನ್ನ ಹಳೆಯ ಹೆಸರು ಬರೆದು, ಈ ವಿಳಾಸವನ್ನು ಬಿಟ್ಟುಕೊಡಲು ನಿಮಗೆ ಒಪ್ಪಿಗೆಯಿದೆಯೇ ಎಂದು ಕೇಳಿದ್ದರು. ಕೆಳಗೆ ಎರಡು ಚೌಕ, ಒಪ್ಪುತ್ತೇನೆ, ಒಪ್ಪುವುದಿಲ್ಲ. ನಾನು ಅದನ್ನೇ ನೋಡುತ್ತ ಕೂತುಬಿಟ್ಟೆ.

"ಏನಂತೈತಿ ಅದು?" ಅತ್ತೆ ಕೇಳಿದರು.

"ಬಿಟ್ಟಕೊಡಾಕ ಒಪ್ಪಿಗಿ ಐತೇನು ಅಂತ ಕೇಳಾಕತ್ತೈತ್ರಿ."

"ಯಾರನ್ನ?"

"ನನ್ನ. ಹಳೀ ಹೆಸರಿನಾಕಿನ್ನ."

ಪೊಟ್ಟಣ ಕಟ್ಟುವ ಕೈ ನಿಂತಿತು. "ಒಲ್ಲೆ ಅಂದ್ರ?"

"ಒಲ್ಲೆ ಅಂದ್ರ ಹಂಗ ಬಿಡತೈತ್ರಿ. ಬದಲ ಮಾಡಂಗಿಲ್ಲ."

ಅತ್ತೆ ಬೆರಳಿಗೆ ಹತ್ತಿದ ಭಂಡಾರವನ್ನು ಸೀರೆಗೆ ಒರೆಸಿಕೊಂಡರು. "ನನ್ನ ಯಾರೂ ಕೇಳಲಿಲ್ಲವಾ" ಅಂದರು. ಆಮೇಲೆ ನನ್ನ ಮುಖ ನೋಡದೆ, "ನಾನೂ ನಿನ್ನ ಕೇಳಲಿಲ್ಲ" ಅಂದರು.

ಇಲ್ಲ ಬಿಡ್ರಿ ಅತ್ತೀ ಎಂದು ತೇಲಿಸಿಬಿಡಬಹುದಿತ್ತು. ತೇಲಿಸಲಿಲ್ಲ. ಅವರು ಬೀದಿಯ ಕಡೆ ಒಮ್ಮೆ ನೋಡಿ, ಯಾರೂ ಇಲ್ಲದ್ದನ್ನು ಖಾತ್ರಿ ಮಾಡಿಕೊಂಡು, ತಮ್ಮ ತವರಿನ ಹೆಸರು ಹೇಳಿದರು. ಆ ಹೆಸರು ಹಿಡಿದು ಕರೆಯುವವರು ಯಾರೂ ಈಗ ಉಳಿದಿಲ್ಲವೆಂದು ನನಗೆ ಗೊತ್ತಿತ್ತು. ನಾನು ಅದನ್ನು ಅವರ ಹಿಂದೆಯೇ ಮೆಲ್ಲಗೆ ಅಂದೆ.

"ಇನ್ನೊಮ್ಮಿ ಅನ್ನು" ಅಂದರು.

ಅಂದೆ. ಅತ್ತೆ "ಹೂಂ" ಎಂದು ಓಗೊಟ್ಟರು, ನಡುಮನೆಯಿಂದ ಯಾರೋ ಕರೆದಾಗ ಹುಡುಗಿಯರು ಓಗೊಡುವ ಹಾಗೆ. ಅಷ್ಟರಲ್ಲಿ ಗಿರಾಕಿಗಳು ಬಂದು ಕಾಯಿ ಕೇಳಿದರು, ಅವರು ಎದ್ದು ಹೋದರು. ನಾನು ಒಪ್ಪುತ್ತೇನೆ ಎಂಬುದನ್ನು ಒತ್ತಿದೆ.